ಕ್ಷೌರದಂಗಡಿಯ ಮರದ ಬಾತುಗಳು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ದಕ್ಷಿಣದ ತುದಿಯಲ್ಲಿ, ಚೆಸಪೀಕ್ ಕೊಲ್ಲಿಯ ನೀರಿಗೆ ಒತ್ತಿಕೊಂಡಂತೆ ಕ್ರಿಸ್‌ಫೀಲ್ಡ್ ಎಂಬ ಸಣ್ಣ ಊರಿದೆ. ಊರಿನ ಬಹುಭಾಗ ನಿಂತಿರುವುದು ಸಿಂಪಿಯ ಚಿಪ್ಪಿನ ಮೇಲೆ. ಸಮುದ್ರದ ಸಿಂಪಿ ಬಿಡಿಸಿ, ಮಾಂಸ ಮಾರಿ, ಚಿಪ್ಪನ್ನು ಜವುಗು ನೆಲಕ್ಕೆ ಸುರಿದು ಸುರಿದು ಜನ ಅಲ್ಲಿ ಊರು ಕಟ್ಟಿಕೊಂಡರು. 1866ರಲ್ಲಿ ಅಲ್ಲಿಗೆ ರೈಲು ಬಂತು. ರೈಲು ತಂದ ಜಾನ್ ಕ್ರಿಸ್‌ಫೀಲ್ಡ್ ಎಂಬ ವಕೀಲನ ಹೆಸರೇ ಊರಿಗೂ ಬಂತು. ಸಿಂಪಿ, ಏಡಿ, ಚಳಿಗಾಲದಲ್ಲಿ ಬಾತುಕೋಳಿ, ಈ ಮೂರರ ಮೇಲೆ ಊರಿನ ಒಲೆ ಉರಿಯುತ್ತಿತ್ತು.

ಈ ಊರಿನಲ್ಲಿ ವಾರ್ಡ್ ಎಂಬ ಮನೆತನದವರು ಕ್ಷೌರದ ಅಂಗಡಿ ಇಟ್ಟುಕೊಂಡಿದ್ದರು. ತಂದೆ ಟ್ರಾವಿಸ್ ವಾರ್ಡ್ ಕ್ಷೌರಿಕ, ಬೇಟೆಗಾರ. ಬೇಟೆಗೆ ಬೇಕಾದ ಮರದ ಬಾತುಗಳನ್ನು ತಾನೇ ಕೆತ್ತುತ್ತಿದ್ದ. 1895ರಲ್ಲಿ ಹುಟ್ಟಿದ ಸ್ಟೀವ್ ಮತ್ತು 1896ರಲ್ಲಿ ಹುಟ್ಟಿದ ಲೆಮ್ ಇಬ್ಬರೂ ಅಪ್ಪನ ಕತ್ತರಿಯನ್ನೂ ಹಿಡಿದರು, ಉಳಿಯನ್ನೂ ಹಿಡಿದರು. ಬಾತುಬೇಟೆಯ ಹುಚ್ಚು ಮೂವರಿಗೂ ಒಂದೇ. ಆ ಹುಚ್ಚಿನಿಂದ ಹುಟ್ಟಿದ ಕಸುಬು ಇವತ್ತು ಅಮೆರಿಕದ ಜನಪದ ಕಲೆಯ ಚರಿತ್ರೆಯಲ್ಲಿ ದೊಡ್ಡ ಅಧ್ಯಾಯ.

ನಾನು ಚನ್ನಪಟ್ಟಣದವನು. ನನ್ನ ಸೋದರಮಾವಂದಿರು ಆಲೆ ಮರ ಕಡೆದು ಅರಗಿನ ಬಣ್ಣದ ಗೊಂಬೆ ಮಾಡುತ್ತಿದ್ದರು. ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿಯದೆ ನನ್ನ ಬಾಲ್ಯದ ದಿನ ಮುಗಿಯುತ್ತಿರಲಿಲ್ಲ. ಹಾಗಾಗಿ ಮಗಳ ಮನೆಗೆಂದು ಮೇರಿಲ್ಯಾಂಡಿಗೆ ಹೋದಾಗ ವಾರ್ಡ್ ಸೋದರರ ಬಾತುಗಳ ಮುಂದೆ ನಾನು ನಿಂತದ್ದು ಬೇಟೆಯ ಮೋಹದಿಂದಲ್ಲ. ಒಬ್ಬ ಕೆಲಸಗಾರನ ಕೈ ಇನ್ನೊಬ್ಬ ಕೆಲಸಗಾರನ ಮನೆಯವನಿಗೆ ತಿಳಿಯುತ್ತದೆ. ಗಾಜಿನ ಹಿಂದೆ ಕೂತಿದ್ದ ಗಂಡು ಸೂಜಿಬಾಲದ ಬಾತೊಂದು ತಲೆಯನ್ನು ಓರೆ ಮಾಡಿ, ಪಕ್ಕದಲ್ಲಿ ಏನೋ ಸದ್ದಾದಂತೆ ನೋಡುತ್ತಿತ್ತು. ಅಷ್ಟು ಸಣ್ಣ ಓರೆಯನ್ನು ಮರದಲ್ಲಿ ತರಬೇಕಾದರೆ ಹಕ್ಕಿಯನ್ನು ಎಷ್ಟು ಹೊತ್ತು ನೋಡಿರಬೇಕು ಎಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ಮರದ ಬಾತಿನ ಕೆಲಸ ಏನೆಂದು ಮೊದಲು ಹೇಳಬೇಕು. ಬಾತು ಗುಂಪಿನ ಹಕ್ಕಿ. ಆಕಾಶದಲ್ಲಿ ಹಾರುವಾಗ ಕೆಳಗೆ ನೀರಿನಲ್ಲಿ ತನ್ನ ಜಾತಿಯವು ನಿಶ್ಚಿಂತೆಯಿಂದ ತೇಲುತ್ತಿರುವುದನ್ನು ಕಂಡರೆ, ಅಲ್ಲಿ ಮೇವಿದೆ, ಭಯವಿಲ್ಲ ಎಂದು ಇಳಿಯುತ್ತದೆ. ಬೇಟೆಗಾರ ಈ ನಂಬಿಕೆಯನ್ನು ಬಳಸಿಕೊಳ್ಳುತ್ತಾನೆ. ಮರದ ಬಾತುಗಳನ್ನು ದೀವವಾಗಿ ನೀರಿಗೆ ಬಿಟ್ಟು ತಾನು ಜೊಂಡಿನ ಮರೆಯಲ್ಲಿ ಕೂರುತ್ತಾನೆ. ಈ ಉಪಾಯ ಬಿಳಿಯರು ಆ ಖಂಡಕ್ಕೆ ಬಂದ ಮೇಲೆ ಕಂಡುಕೊಂಡದ್ದಲ್ಲ. 1924ರಲ್ಲಿ ನೆವಾಡಾದ ಲವ್‌ಲಾಕ್ ಗುಹೆಯಲ್ಲಿ ಜೊಂಡುಹುಲ್ಲಿನಿಂದ ಹೆಣೆದ 11 ದೀವದ ಬಾತುಗಳು ಸಿಕ್ಕವು. ಅವುಗಳ ವಯಸ್ಸು ಸುಮಾರು 2,000 ವರ್ಷ. ಹುಲ್ಲಿನ ಮೈಗೆ ಬಣ್ಣ ಬಳಿದು, ಗರಿ ಸಿಕ್ಕಿಸಿ, ಕ್ಯಾನ್ವಾಸ್‌ಬ್ಯಾಕ್ ಎಂಬ ಜಾತಿಯ ಬಾತು ಎಂದು ಈಗಲೂ ಗುರುತು ಹಿಡಿಯುವಂತೆ ಮಾಡಿ, ಜೋಪಾನವಾಗಿ ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದರು. ಅವನ್ನು ಇಟ್ಟವರು ಮತ್ತೆ ಬರಲೇ ಇಲ್ಲ.

ಅದೇ ಕ್ಯಾನ್ವಾಸ್‌ಬ್ಯಾಕ್ ಚೆಸಪೀಕ್ ಕೊಲ್ಲಿಗೆ ಚಳಿಗಾಲದಲ್ಲಿ ಲಕ್ಷಗಟ್ಟಲೆ ಬರುತ್ತಿತ್ತು. ಕೊಲ್ಲಿಯ ತಳದಲ್ಲಿ ಬೆಳೆಯುವ ಒಂದು ಬಗೆಯ ನೀರುಹುಲ್ಲು ಅದರ ಮೇವು. ಆ ಹುಲ್ಲು ತಿಂದ ಬಾತಿನ ಮಾಂಸಕ್ಕೆ ಬಾಲ್ಟಿಮೋರ್, ಫಿಲಡೆಲ್ಫಿಯಾ, ನ್ಯೂಯಾರ್ಕಿನ ದೊಡ್ಡ ಹೋಟೆಲುಗಳಲ್ಲಿ ಬೇಡಿಕೆಯೋ ಬೇಡಿಕೆ. ಶ್ರೀಮಂತರ ಔತಣದಲ್ಲಿ ಈ ಬಾತು ಇರಲೇಬೇಕು ಎನ್ನುವ ಕಾಲ. ರೈಲು ಬಂದದ್ದೇ ತಡ, ಪೀಪಾಯಿಗಳಲ್ಲಿ ತುಂಬಿ ಸಾಗಿಸಿದರು. ಮಾರುಕಟ್ಟೆಗೆಂದೇ ಬೇಟೆಯಾಡುವ ಜನ ಹುಟ್ಟಿಕೊಂಡರು. ಅವರು ದೋಣಿಯ ಮೂತಿಗೆ ಕಟ್ಟಿಕೊಂಡು ಹೋಗುತ್ತಿದ್ದ ಕೋವಿ ಆಳುದ್ದಕ್ಕಿಂತ ಉದ್ದ, ಭುಜಕ್ಕೆ ಎತ್ತಿ ಹಾರಿಸಲಾಗದಷ್ಟು ಭಾರ. ರಾತ್ರಿ ಮಲಗಿದ ಹಿಂಡಿನ ಹತ್ತಿರ ಸದ್ದಿಲ್ಲದೆ ದೋಣಿ ನೂಕಿ ಒಂದು ಸಲ ಹಾರಿಸಿದರೆ ಹತ್ತಾರು ಹಕ್ಕಿ ಬೀಳುತ್ತಿದ್ದವು.

ಇನ್ನೊಂದು ವಿಧಾನವನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಕೊಲ್ಲಿಯ ಉತ್ತರದ ತುದಿಯಲ್ಲಿ ಸಸ್ಕ್ವೆಹಾನಾ ನದಿ ಬಂದು ಸೇರುವ ಕಡೆ ನೀರು ಆಳವಿಲ್ಲ. ಅಲ್ಲಿ ಶವಪೆಟ್ಟಿಗೆಯ ಆಕಾರದ ಮರದ ಪೆಟ್ಟಿಗೆಯೊಂದನ್ನು ನೀರಿನ ಮಟ್ಟಕ್ಕೆ ಸರಿಯಾಗಿ ಮುಳುಗಿಸಿ, ಬೇಟೆಗಾರ ಅದರೊಳಗೆ ಅಂಗಾತ ಮಲಗುತ್ತಿದ್ದ. ಪೆಟ್ಟಿಗೆಯ ಸುತ್ತ ಕ್ಯಾನ್ವಾಸ್ ಬಟ್ಟೆಯ ರೆಕ್ಕೆ. ರೆಕ್ಕೆ ಮೇಲೇಳದಂತೆ ಅದರ ಮೇಲೆ ಎರಕದ ಕಬ್ಬಿಣದ ಬಾತುಗಳು, ಭಾರಕ್ಕೂ ಆಯಿತು ವೇಷಕ್ಕೂ ಆಯಿತು. ಅದರಾಚೆ ನೀರಿನ ತುಂಬ ಇನ್ನೂರು ಮುನ್ನೂರು ಮರದ ಬಾತುಗಳು. ಮೇಲಿನಿಂದ ನೋಡುವ ಹಕ್ಕಿಗೆ ಅಲ್ಲಿ ಮನುಷ್ಯ ಕಾಣುವುದೇ ಇಲ್ಲ.

ಮರದ ಬಾತು ಆ ದಿನಗಳಲ್ಲಿ ಕೊಡಲಿ, ಹುಟ್ಟುಗೋಲುಗಳಂತೆ ಒಂದು ಸಲಕರಣೆ, ಅಷ್ಟೇ. ಡೆಟ್ರಾಯ್ಟ್ ನಗರದ ಮೇಸನ್ ಕಂಪನಿಯಂಥವರು ಲೇತಿನಲ್ಲಿ ಕಡೆದು ರಾಶಿ ರಾಶಿ ಮಾರಿದರು. ಲೇತಿನ ಗುಣ ನಾನು ಬಲ್ಲೆ. ಅಚ್ಚಿಗೆ ತಕ್ಕಂತೆ ಮೈ ಕಡೆದುಕೊಡುತ್ತದೆ, ನೂರಕ್ಕೆ ನೂರೂ ಒಂದೇ ಥರ. ಆದರೆ ಒಂದು ಹಕ್ಕಿ ನಿದ್ದೆಗಣ್ಣಲ್ಲಿದೆ, ಇನ್ನೊಂದು ಮೇಯುತ್ತಿದೆ, ಮತ್ತೊಂದು ಕತ್ತು ಹಿಗ್ಗಿಸಿ ಕಾವಲು ಕಾಯುತ್ತಿದೆ ಎನ್ನುವ ವ್ಯತ್ಯಾಸ ಲೇತಿಗೆ ಗೊತ್ತಾಗದು. ವಾರ್ಡ್ ಸೋದರರು ಹೊರಟದ್ದು ಆ ವ್ಯತ್ಯಾಸದ ಬೆನ್ನು ಹತ್ತಿ.

ಅವರ ಕಸುಬಿನ ಕಥೆಯ ಜೊತೆಗೆ ಕಾನೂನಿನ ಕಥೆಯೊಂದು ಹೆಣೆದುಕೊಂಡಿದೆ. 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಪ್ಯಾಸೆಂಜರ್ ಪಾರಿವಾಳ ಎಂಬ ಜಾತಿಯ ಕಟ್ಟಕಡೆಯ ಹಕ್ಕಿ ಸತ್ತಿತು. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚಿಬಿಡುವಷ್ಟು ದೊಡ್ಡ ಹಿಂಡುಗಳಲ್ಲಿ ಹಾರುತ್ತಿದ್ದ ಜಾತಿ ಅದು. ಅಟ್ಲಾಂಟಿಕ್ ದಂಡೆಯ ಲ್ಯಾಬ್ರಡಾರ್ ಬಾತು ಅದಕ್ಕೂ ಮುಂಚೆಯೇ ಹೋಗಿತ್ತು. ಇನ್ನು ಸುಮ್ಮನಿದ್ದರೆ ಉಳಿದವೂ ಉಳಿಯವು ಎಂಬುದು ಬೇಟೆಗಾರರಿಗೂ ಅರಿವಾಯಿತು. ಕೆನಡಾದ ಪರವಾಗಿ ಬ್ರಿಟನ್ ಮತ್ತು ಅಮೆರಿಕ 1916ರಲ್ಲಿ ವಲಸೆ ಹಕ್ಕಿಗಳ ಒಪ್ಪಂದ ಮಾಡಿಕೊಂಡವು. 1918ರ ಜುಲೈಯಲ್ಲಿ ಅದು ಕಾಯ್ದೆಯಾಯಿತು. ಕಾಡುಬಾತನ್ನು ಕೊಂದು ಮಾರುವುದು ಅಪರಾಧವಾಯಿತು. ಮಿಸೌರಿ ರಾಜ್ಯ ಇದನ್ನು ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋಯಿತು. ಇಂದು ಇಲ್ಲಿ, ನಾಳೆ ಸಾವಿರ ಮೈಲಿ ಆಚೆ ಇರುವ ಹಕ್ಕಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ ಎಂಬರ್ಥದಲ್ಲಿ 1920ರಲ್ಲಿ ನ್ಯಾಯಮೂರ್ತಿ ಹೋಮ್ಸ್ ತೀರ್ಪು ಬರೆದರು.

ವಾರ್ಡ್ ಸೋದರರು ತಮ್ಮ ಬಾತುಗಳ ಅಡಿಯಲ್ಲಿ ಒತ್ತುತ್ತಿದ್ದ ಮುದ್ರೆಯಲ್ಲಿ, 1918ರಿಂದ ಮರದಲ್ಲಿ ಕಾಡುಹಕ್ಕಿಗಳ ನಕಲು ಮಾಡುವವರು ಎಂಬ ಅರ್ಥದ ಸಾಲಿದೆ. ಕಾಯ್ದೆ ಬಂದ ವರ್ಷವೂ ಅವರು ಹೇಳಿಕೊಂಡ ವರ್ಷವೂ ಒಂದೇ. ಇದು ಅವರು ಬೇಕೆಂದು ಹೊಂದಿಸಿಕೊಂಡದ್ದೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಮಟ್ಟಿಗೆ ಅವರ ಕಸುಬಿನ ಬೀಗದ ಕೈ ಇರುವುದು ಇಲ್ಲಿಯೇ. ಹೊಟ್ಟೆಪಾಡಿನ ಬೇಟೆಗಾರ, ಅಂದರೆ ನೂರಾರು ಒರಟು ಮರದ ತುಂಡುಗಳನ್ನು ಕೊಳ್ಳುತ್ತಿದ್ದವನು, ಹಿಂದೆ ಸರಿದ. ಉಳಿದವನು ಹವ್ಯಾಸದ ಬೇಟೆಗಾರ. ಅವನಿಗೆ ಬೇಕಾದ ಬಾತು ಕಡಿಮೆ. ಆದರೆ ಬಿಡುವಿನ ದಿನ ಜೊಂಡಿನಲ್ಲಿ ಕೂತು ಗಂಟೆಗಟ್ಟಲೆ ಅವುಗಳನ್ನೇ ನೋಡುವವನು ಅವನು. ಅಂದವನ್ನು ಗಮನಿಸುವ ಗಿರಾಕಿ ಸಿಕ್ಕಿದಾಗಲೇ ಕಸುಬುದಾರನ ಕೈ ಮೇಲೇಳುವುದು.

ಆಮೇಲೆ 1930ರ ದಶಕದ ಬರ ಬಂತು. ಬಾತುಗಳು ಮೊಟ್ಟೆಯಿಡುವ ನಡುನಾಡಿನ ಹುಲ್ಲುಗಾವಲಿನ ಹೊಂಡಗಳು ಬತ್ತಿಹೋದವು. ಹಿಂಡುಗಳು ಕರಗಿದವು. 1934ರಲ್ಲಿ ಸರ್ಕಾರ ಬಾತುಬೇಟೆಗೆ ಅಂಚೆಚೀಟಿಯಂಥ ಒಂದು ಚೀಟಿ ಕಡ್ಡಾಯ ಮಾಡಿತು, ಬೆಲೆ 1 ಡಾಲರ್. ಅದರ ಮೊದಲ ಚಿತ್ರ ಬರೆದವರು ವ್ಯಂಗ್ಯಚಿತ್ರಕಾರ ಡಿಂಗ್ ಡಾರ್ಲಿಂಗ್. ಆಗ ವನ್ಯಪ್ರಾಣಿಗಳ ಇಲಾಖೆಯ ಮುಖ್ಯಸ್ಥರೂ ಅವರೇ. ಆ ಹಣದಿಂದ ಜವುಗು ನೆಲ ಕೊಂಡು ಹಕ್ಕಿಗಳಿಗೆ ಬಿಟ್ಟರು. ಇವತ್ತಿಗೆ ಹಾಗೆ ಉಳಿಸಿದ ನೆಲ 60 ಲಕ್ಷ ಎಕರೆಯಷ್ಟಿದೆ, ಚೀಟಿಯ ಬೆಲೆ 25 ಡಾಲರ್ ಆಗಿದೆ. ಬೇಟೆಗಾರನ ಜೇಬಿನಿಂದಲೇ ಬಾತಿನ ಮನೆ ಕಟ್ಟಿಸಿದ ಈ ಏರ್ಪಾಟು ನನಗೆ ಬಹಳ ದೊಡ್ಡ ಬುದ್ಧಿವಂತಿಕೆಯಾಗಿ ಕಾಣುತ್ತದೆ. ಬೇಟೆಯೆಂದರೆ ಮುಖ ತಿರುಗಿಸುವ ಮನೆಯಲ್ಲಿ ಬೆಳೆದ ನಾನು ಇದನ್ನು ಮನಸಾರೆ ಹೇಳುತ್ತಿದ್ದೇನೆ.

1935ರಲ್ಲಿ ಇನ್ನೂ ಬಿಗಿ. ನೀರಿನಲ್ಲಿ ಮಲಗುವ ಪೆಟ್ಟಿಗೆಗೆ ನಿಷೇಧ, ಕಾಳು ಚೆಲ್ಲಿ ಕರೆಯುವುದಕ್ಕೆ ನಿಷೇಧ. ಬೇಟೆಯ ಋತು 30 ದಿನಕ್ಕೆ ಇಳಿಯಿತು. ನಮ್ಮ ಕಥೆಗೆ ಮುಖ್ಯವಾದ ಇನ್ನೊಂದು ನಿಷೇಧವೂ ಬಂತು: ಜೀವಂತ ಬಾತನ್ನು ದೀವವಾಗಿ ಬಳಸುವಂತಿಲ್ಲ. ಅದುವರೆಗೆ ಎಷ್ಟೋ ಬೇಟೆಗಾರರ ಹಿತ್ತಿಲಲ್ಲಿ ಪಳಗಿಸಿದ ಬಾತುಗಳಿದ್ದವು. ಕಾಲಿಗೆ ದಾರ ಕಟ್ಟಿ ನೀರಿಗೆ ಬಿಟ್ಟರೆ ಅವು ಕೂಗಿ ಕೂಗಿ ತಮ್ಮ ಜಾತಿಯನ್ನು ಕರೆಯುತ್ತಿದ್ದವು. ಕಾಯ್ದೆ ಬಂದ ಮೇಲೆ ಆ ಕೂಗು ನಿಂತಿತು. ಜೀವಂತ ಹಕ್ಕಿಯ ಜಾಗವನ್ನು ಮರದ ಹಕ್ಕಿಯೇ ತುಂಬಬೇಕಾಯಿತು. ವಾರ್ಡ್ ಸೋದರರ ಬೇಟೆಬಾತುಗಳಲ್ಲಿ 1936ರ ಮಾದರಿಯನ್ನು ಸಂಗ್ರಾಹಕರು ತುಂಬ ಮೇಲಿನದೆಂದು ಎಣಿಸುತ್ತಾರೆ. ಹಿಂದಿನ ವರ್ಷದ ಕಾಯ್ದೆಗೆ ಮರದಲ್ಲಿ ಕೊಟ್ಟ ಉತ್ತರದಂತೆ ಅದು ನನಗೆ ತೋರುತ್ತದೆ.

ಅಂಗಡಿಯ ಒಳಗಿನ ಕೆಲಸ ಹೇಗಿತ್ತು? ಕ್ರಿಸ್‌ಫೀಲ್ಡಿನ ಗಂಡಸರು ಹೆಚ್ಚಿನವರು ನೀರಿನ ಮೇಲೆ ದುಡಿಯುವವರು. ಅವರು ದೋಣಿಯಲ್ಲಿರುವ ಹೊತ್ತು ಕ್ಷೌರದ ಕುರ್ಚಿ ಖಾಲಿ. ಕುರ್ಚಿ ಖಾಲಿಯಾದರೆ ಕೈಗೆ ಮರ. ದೇವದಾರಿನ ಜಾತಿಯ ಹಗುರ ಮರದ ದಿಮ್ಮಿಯನ್ನು ಕೈಗೊಡಲಿಯಿಂದ ಒರಟಾಗಿ ತರಿದು, ಎರಡು ಹಿಡಿಯ ಕತ್ತಿಯಿಂದ ಮೈ ತೆಗೆದು, ತಲೆಯನ್ನು ಬೇರೆಯಾಗಿ ಕೆತ್ತಿ ಜೋಡಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹತ್ತಿಯಷ್ಟು ಹಗುರವಾದ ಬಾಲ್ಸಾ ಮರವನ್ನೂ ಬಳಸಿದರು. ಕೆತ್ತನೆ ಬಹುಮಟ್ಟಿಗೆ ಸ್ಟೀವನದು, ಬಣ್ಣ ಲೆಮ್‌ನದು. ಯಾರದು ಹೆಚ್ಚು ಎಂಬ ಪ್ರಶ್ನೆ ಬಾರದಂತೆ ‘ಎಲ್. ಟಿ. ವಾರ್ಡ್ ಮತ್ತು ಸೋದರ’ ಎಂದು ಒಂದೇ ಹೆಸರಿನಲ್ಲಿ ಮಾರಿದರು.

ಬಣ್ಣದ ವಿಷಯಕ್ಕೆ ಬಂದರೆ ನನ್ನ ಊರಿನ ಕಣ್ಣು ಎಚ್ಚರವಾಗುತ್ತದೆ. ನಮ್ಮಲ್ಲಿ ಹೊಳಪೇ ಪ್ರಾಣ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಬಿಸಿಗೆ ಕರಗಿದ ಬಣ್ಣವನ್ನು ಒಣಗರಿಯಿಂದ ಉಜ್ಜಿ ಉಜ್ಜಿ, ಮುಖ ಕಾಣುವಂತಾದರೆ ಮಾತ್ರ ಮಾವ ಅದನ್ನು ಪಕ್ಕಕ್ಕಿಡುತ್ತಿದ್ದರು. ಬೇಟೆಯ ಬಾತಿಗೆ ಹೊಳಪೇ ಶತ್ರು. ಬೆಳಗಿನ ಓರೆ ಬಿಸಿಲಿನಲ್ಲಿ ಮೈ ಮಿನುಗಿದರೆ ಹಕ್ಕಿ ದೂರದಿಂದಲೇ ತಿರುಗಿಬಿಡುತ್ತದೆ. ಹಾಗಾಗಿ ಎಣ್ಣೆಬಣ್ಣವನ್ನು ಮಂಕಾಗಿ, ಆದರೆ ಸತ್ತಂತೆ ಕಾಣದ ಹಾಗೆ ಬಳಿಯಬೇಕು. ಲೆಮ್‌ನ ಬಾತುಗಳ ಪಕ್ಕೆಯಲ್ಲಿ ಒಂದು ಗರಿ ಇನ್ನೊಂದರೊಳಗೆ ಕರಗುವ ಜಾಗವನ್ನು ಹುಡುಕಿದರೂ ಕುಂಚದ ಗೆರೆ ಸಿಗುವುದಿಲ್ಲ. ಅವರ ಆರಂಭದ ಸೂಜಿಬಾಲದ ಬಾತಿಗೆ ಸಂಗ್ರಾಹಕರು ಅದರ ದಪ್ಪ ದವಡೆಯಿಂದಲೇ ಹೆಸರಿಟ್ಟಿದ್ದಾರೆ. ಹಕ್ಕಿಯಲ್ಲಿ ಆ ದವಡೆ ಅಷ್ಟು ದಪ್ಪ ಇಲ್ಲ. ಆದರೂ ಆ ಹಿಗ್ಗಿಸಿದ ಕೆನ್ನೆಯಿಂದ ಮರಕ್ಕೆ ಒಂದು ತೃಪ್ತಿಯ ಕಳೆ ಬಂದಿದೆ, ಹೊಟ್ಟೆ ತುಂಬ ಮೇದ ಹಕ್ಕಿಯ ಕಳೆ. ಮೇಲೆ ಹಾರುವ ಬಾತಿಗೆ ನಂಬಿಕೆ ಹುಟ್ಟಿಸುವುದು ಅದೇ ತಾನೆ?

ಸ್ಟೀವ್ ಪದ್ಯ ಬರೆಯುತ್ತಿದ್ದ. ಬಳಸಿ ಬಿಸಾಡಿದ ಹಳೆಯ ಮರದ ಬಾತು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಅವನ ಪದ್ಯವೊಂದು ಕೆತ್ತನೆಗಾರರ ನಡುವೆ ಇಂದಿಗೂ ಪ್ರಸಿದ್ಧ. ಸಲಕರಣೆಯೊಂದಕ್ಕೆ ಮುಪ್ಪಿನ ದುಃಖವಿದೆ ಎಂದು ಊಹಿಸುವವನು ಅದನ್ನು ಹೇಗೆ ಕೆತ್ತಿಯಾನು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಯುದ್ಧದ ನಂತರ ಕಾಗದದ ತಿರುಳಿನ ಬಾತು ಬಂತು, ಪ್ಲಾಸ್ಟಿಕ್ ಬಾತು ಬಂತು. ಹಗುರ, ಅಗ್ಗ, ಡಜನುಗಟ್ಟಲೆ ಚೀಲದಲ್ಲಿ ಹೊತ್ತೊಯ್ಯಬಹುದು. ಬೇಟೆಗಾರ ಕೈಕೆತ್ತನೆಯ ಬಾತು ಕೇಳುವುದನ್ನು ಬಿಟ್ಟ. ಚನ್ನಪಟ್ಟಣಕ್ಕೆ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಬಂದಾಗ ಏನಾಯಿತೆಂದು ಕಂಡವರಿಗೆ ಈ ಮಾತಿನ ನೋವು ತಿಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಲೇತಿನ ಮೇಲೆ ಧೂಳು ಕೂತಿತು, ಹುಡುಗರು ಬೆಂಗಳೂರಿನ ಕಾರ್ಖಾನೆಗಳ ಬಸ್ಸು ಹಿಡಿದರು. ವಾರ್ಡ್ ಸೋದರರಿಗೆ ಆಗ 60 ದಾಟಿತ್ತು. ಅವರು ನೀರಿಗೆ ಬಿಡುವ ಬಾತು ಮಾಡುವುದನ್ನು ಕಡಿಮೆ ಮಾಡಿ, ಕಪಾಟಿನ ಮೇಲಿಡುವ ಹಕ್ಕಿ ಕೆತ್ತತೊಡಗಿದರು. ರೆಕ್ಕೆ ಎತ್ತಿದ ಹಕ್ಕಿ, ಮೈ ಕೆರೆದುಕೊಳ್ಳುವ ಹಕ್ಕಿ, ನೀರಿನಲ್ಲಿ ತೇಲಲಾರದ ಹಕ್ಕಿ. ಯಾರನ್ನೂ ಸೆಳೆದು ಕೊಲ್ಲಿಸಬೇಕಾದ ಕೆಲಸ ಅದಕ್ಕಿರಲಿಲ್ಲ, ಬರೀ ನೋಡಿಸಿಕೊಂಡರೆ ಸಾಕಿತ್ತು. ಜೀವಮಾನವಿಡೀ ಕೋವಿ ಹಿಡಿದು ಹಕ್ಕಿ ನೋಡಿದ ಇಬ್ಬರು ಮುದುಕರು ಆ ನೋಟವನ್ನು ಮಾತ್ರ ಉಳಿಸಿಕೊಂಡರು. ಅವರ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು.

1968ರಲ್ಲಿ ಹತ್ತಿರದ ಸಾಲ್ಸ್‌ಬರಿ ಪಟ್ಟಣದಲ್ಲಿ ಅವರ ಹೆಸರಿನಲ್ಲಿ ಪ್ರತಿಷ್ಠಾನ ಹುಟ್ಟಿತು. ಅದು ಮುಂದೆ ಕಾಡುಹಕ್ಕಿ ಕೆತ್ತನೆಯ ವಿಶ್ವಸ್ಪರ್ಧೆಯನ್ನು ನಡೆಸಿತು, ವಸ್ತುಸಂಗ್ರಹಾಲಯ ಕಟ್ಟಿತು. ಸ್ಟೀವ್ 1976ರಲ್ಲಿ ತೀರಿಕೊಂಡ. 1983ರಲ್ಲಿ ದೇಶದ ಪರಂಪರೆಯ ಕಲಾವಿದರಿಗೆ ಕೊಡುವ ರಾಷ್ಟ್ರೀಯ ಗೌರವ ಲೆಮ್‌ಗೆ ಸಂದಿತು, ಮರುವರ್ಷ ಅವನೂ ಹೋದ. ಮರದ ಬಾತುಗಳ ಬೆಲೆ ಅಷ್ಟರಲ್ಲಿ ಎಲ್ಲಿಗೋ ಏರಿತ್ತು. ಮ್ಯಾಸಚೂಸೆಟ್ಸಿನ ಎಲ್ಮರ್ ಕ್ರೋವೆಲ್ ಕೆತ್ತಿದ ಎರಡು ದೀವದ ಹಕ್ಕಿಗಳು 2007ರಲ್ಲಿ ತಲಾ 11 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾದವು. ಬೇಟೆಯ ಋತು ಮುಗಿದ ಮೇಲೆ ಮೂಲೆಯಲ್ಲಿ ಎಸೆಯುತ್ತಿದ್ದ ಸಾಮಾನು ಅದು. ಎಷ್ಟೋ ಬಾತುಗಳು ಒಲೆಗೂ ಹೋಗಿವೆ.

ಬೆಲೆ ಬಂದದ್ದು ಹೇಗೆ ಎಂಬುದಕ್ಕೆ ಒಂದು ಸಣ್ಣ ಸಂಗತಿ. ಬೇಟೆಗೆಂದು ಮಾಡಿದ ಕಾಲದಲ್ಲಿ ಸೋದರರು ಎಲ್ಲ ಬಾತಿಗೂ ಸಹಿ ಹಾಕುತ್ತಿರಲಿಲ್ಲ. ದಶಕಗಳ ಮೇಲೆ ಜನ ಹಳೆಯ ಬಾತುಗಳನ್ನು ಹುಡುಕಿ ಅಂಗಡಿಗೆ ತಂದಾಗ, ಲೆಮ್ ಅವನ್ನು ತಿರುಗಿಸಿ ನೋಡಿ, ತಮ್ಮದೆಂದು ಗುರುತಿಸಿ, ಅಡಿಯಲ್ಲಿ ಹೆಸರೂ ವರ್ಷವೂ ಬರೆದುಕೊಡುತ್ತಿದ್ದ. ಆ ಬರಹದಿಂದಲೇ ಇಂದು ವಿದ್ವಾಂಸರು ಇಡೀ ಕಸುಬಿನ ಏಳುಬೀಳನ್ನು ಓದುತ್ತಾರೆ. ನೆನಪಿನಿಂದ ಬರೆದ ಕೆಲವು ವರ್ಷಗಳ ಬಗ್ಗೆ ತಕರಾರೂ ಇದೆ. ಇರಲಿ. ಬರೆದದ್ದರಿಂದ ತಾನೆ ತಕರಾರು?

ಅವರು ಕೆತ್ತಿದ ಸೂಜಿಬಾಲದ ಬಾತು ನಮ್ಮ ಕೆರೆಗಳಿಗೂ ಚಳಿಗಾಲದಲ್ಲಿ ಬರುತ್ತದೆ. ಅದೇ ಜಾತಿ, ಬೇರೆ ದಾರಿ: ಅಲ್ಲಿಯವು ಕೆನಡಾದ ಕಡೆಯಿಂದ ಇಳಿದರೆ ನಮ್ಮವು ಏಷ್ಯಾದ ಉತ್ತರದ ತುದಿಯಿಂದ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ನಮ್ಮಲ್ಲಿ ಅದರ ಬೇಟೆ ಇಲ್ಲ, ಇರಬೇಕೆಂದು ನಾನು ಬಯಸುವುದೂ ಇಲ್ಲ. ಆದರೆ ಆ ಹಕ್ಕಿಯನ್ನು ಅಷ್ಟು ಹತ್ತಿರದಿಂದ ನೋಡಿ ಮರಕ್ಕಿಳಿಸುವ ಕೈ ನಮ್ಮಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಚನ್ನಪಟ್ಟಣದಲ್ಲಿದೆ, ಕಿನ್ನಾಳದಲ್ಲಿದೆ. ಇಲ್ಲದ್ದು ಹೆಸರು. ನಮ್ಮ ಗೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಊರಿನ ಹೆಸರು ಜಗತ್ತಿಗೆ ಗೊತ್ತಾಗಿದೆ, ಮಾಡಿದವನ ಹೆಸರು ಮಾತ್ರ ಅವನ ಬೀದಿಯ ಆಚೆ ಹೋಗಿಲ್ಲ. ನನ್ನ ಮಾವಂದಿರು ಕಡೆದ ಸಾವಿರಾರು ಗೊಂಬೆಗಳಲ್ಲಿ ಒಂದನ್ನೂ ಇಂದು ಇದು ಅವರದು ಎಂದು ಯಾರೂ ತೋರಿಸಲಾರರು.

ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ದುಡ್ಡು ಕೊಡುವ ಮುಂಚೆ ಅದನ್ನು ಯಾರು ಮಾಡಿದರು ಎಂದು ಕೇಳಿ. ಆ ಮನುಷ್ಯ ಅಲ್ಲೇ ಇದ್ದರೆ ಪೆನ್ನು ಕೊಟ್ಟು, ಗೊಂಬೆಯ ಅಡಿಯಲ್ಲಿ ಹೆಸರು, ಊರು, ಇಸವಿ ಬರೆಸಿಕೊಳ್ಳಿ.